ಒಂದೇ ವಿಷಯವನ್ನು ಹಿಡಿದು ಓದಿ, ಓದಿನ ಇಂಗ್ಲಿಷ್ ಪದಗಳನ್ನು ಕಲಿಯುವ ಬಗೆ

ಕನ್ನಡ ಮಾಧ್ಯಮದಲ್ಲಿ ಓದಿ ಪದವಿಗೋ ಬಿ.ಇಡಿ.ಗೋ ಬಂದವರನ್ನು ಇಂಗ್ಲಿಷ್ ಪಠ್ಯದಲ್ಲಿ ಎಡವಿಸುವುದು ಪಾರಿಭಾಷಿಕ ಪದಗಳಲ್ಲ. 'ಆಲ್ಗರಿದಮ್' ಎಂದರೇನೆಂದು ಮೇಷ್ಟ್ರು ಹೇಳುತ್ತಾರೆ, ಪುಸ್ತಕದಲ್ಲೂ ವ್ಯಾಖ್ಯಾನ ಇರುತ್ತದೆ. ಯಾರೂ ಬಿಡಿಸಿ ಹೇಳದೆ ಉಳಿಯುವುದು 'ಅಸ್ಯೂಮ್', 'ಇಂಡಿಕೇಟ್', 'ಫೆಸಿಲಿಟೇಟ್', 'ಇಂಪ್ಲಿಮೆಂಟ್' ಇಂಥವು. ಇವು ಎಲ್ಲ ವಿಷಯಗಳಲ್ಲೂ ಬರುತ್ತವೆ, ಯಾವ ವಿಷಯದ ಸ್ವಂತದ್ದೂ ಅಲ್ಲ.

ಇವನ್ನು ಎಣಿಸಿ ಇಟ್ಟವರಿದ್ದಾರೆ. ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಕಲೆ, ವಾಣಿಜ್ಯ, ಕಾನೂನು, ವಿಜ್ಞಾನಗಳ ಸುಮಾರು 35 ಲಕ್ಷ ಪದಗಳಷ್ಟು ಬರಹವನ್ನು ಸೋಸಿ 2000ದಲ್ಲಿ 'ಅಕಾಡೆಮಿಕ್ ವರ್ಡ್ ಲಿಸ್ಟ್' ಪ್ರಕಟಿಸಿದರು. ಅದರಲ್ಲಿ 570 ಪದಕುಟುಂಬಗಳಿವೆ, ಅಂದರೆ ಒಂದೇ ಮೂಲದಿಂದ ಬಂದ ಪದಗಳ ಗುಂಪುಗಳು. ಬಳಕೆಯ ಪ್ರಮಾಣದ ಮೇಲೆ ಅವನ್ನು 10 ಉಪಪಟ್ಟಿಗಳಾಗಿ ಜೋಡಿಸಲಾಗಿದೆ. ಶೈಕ್ಷಣಿಕ ಬರಹದಲ್ಲಿ ನೂರು ಪದಕ್ಕೆ ಸುಮಾರು ಹತ್ತು ಈ ಪಟ್ಟಿಯವೇ. ಕಥೆ, ಕಾದಂಬರಿಯಲ್ಲಿ ನೂರಕ್ಕೆ ಎರಡೂ ಸಿಗುವುದಿಲ್ಲ. ಆದ್ದರಿಂದ ಕಾದಂಬರಿ ಓದುತ್ತಾ ಇವು ತಾವಾಗಿ ಬರಲಿ ಎಂದು ಕಾಯುವುದರಲ್ಲಿ ಪ್ರಯೋಜನವಿಲ್ಲ. ಪಟ್ಟಿಯನ್ನು ಉರುಹೊಡೆದರೂ ಅಷ್ಟೇ: ಅರ್ಥ ಬಾಯಿಗೆ ಬರುತ್ತದೆ, ವಾಕ್ಯ ಕೈಗೆ ಬರುವುದಿಲ್ಲ.

ಒಂದು ತಿಂಗಳು ಒಂದೇ ವಿಷಯ ಓದಿ. ವಿಷಯ ಬದಲಾದರೆ ಪದಗಳೂ ಚದುರಿಹೋಗುತ್ತವೆ. ಒಂದೇ ವಿಷಯದಲ್ಲಿ ನಿಂತರೆ ಅವೇ ಪದಗಳು ಬೇರೆ ಬೇರೆ ವಾಕ್ಯಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ. ಶಿಕ್ಷಣ ಮತ್ತು ತಂತ್ರಜ್ಞಾನ ಇದಕ್ಕೆ ಹೇಳಿ ಮಾಡಿಸಿದ ವಿಷಯ. ಆನ್‌ಲೈನ್ ಪಾಠ, ಮೊಬೈಲು, ನೆಟ್‌ವರ್ಕ್ ಸಿಗದ ಊರು ಎಲ್ಲರಿಗೂ ಗೊತ್ತಿರುವುದರಿಂದ ಗಮನವನ್ನೆಲ್ಲ ಭಾಷೆಯ ಮೇಲೆ ಇಡಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ 23 ಮತ್ತು 24ನೇ ಅಧ್ಯಾಯಗಳಿಂದ ಶುರು ಮಾಡಿ. ಎರಡೂ ತಂತ್ರಜ್ಞಾನದ ಕುರಿತವೇ, ಪುಟಗಳೂ ಕಡಿಮೆ, ಉಚಿತವಾಗಿ ಸಿಗುತ್ತವೆ. ಕನ್ನಡ ಅನುವಾದವನ್ನು ಪಕ್ಕದಲ್ಲಿಟ್ಟುಕೊಳ್ಳಿ, ಆದರೆ ಇಂಗ್ಲಿಷನ್ನು ಎರಡು ಸಲ ಓದುವ ತನಕ ತೆರೆಯಬೇಡಿ. ಮೊದಲೇ ತೆರೆದರೆ ಊಹಿಸುವ ಅಭ್ಯಾಸ ಅಲ್ಲಿಗೇ ಸಾಯುತ್ತದೆ. ಇದೇ ವಿಷಯದ ಮೇಲೆ ಯುನೆಸ್ಕೊ 2023ರಲ್ಲಿ ತಂದ ಜಾಗತಿಕ ಶಿಕ್ಷಣ ವರದಿ ಇದಕ್ಕಿಂತ ಕಷ್ಟ. ಅದನ್ನು ಎರಡನೇ ತಿಂಗಳಿಗೆ ಬಿಡಿ.

ವಾರಕ್ಕೆ ಎರಡು ತುಣುಕು ಸಾಕು, ಒಂದೊಂದು ಸುಮಾರು 300 ಪದ. ಮೊದಲು ಗೊತ್ತಿಲ್ಲದ ಪದಗಳನ್ನು ಎಣಿಸಿ. 6ರೊಳಗಿದ್ದರೆ ಸಲೀಸಾಗಿ ಓದಬಹುದು. 7ರಿಂದ 15 ಇದ್ದರೆ ಕಲಿಯಲು ಸರಿಯಾದ ತುಣುಕು. ಅದಕ್ಕಿಂತ ಹೆಚ್ಚಾದರೆ ಸುತ್ತಲಿನ ವಾಕ್ಯದಿಂದ ಊಹಿಸಲು ಆಧಾರವೇ ಉಳಿಯುವುದಿಲ್ಲ, ಬೇರೆಯದನ್ನು ಆರಿಸಿ. ಮೊದಲ ಓದು ಪೆನ್ನಿಲ್ಲದೆ. ಎರಡನೆಯದರಲ್ಲಿ ಗೆರೆ ಎಳೆಯಿರಿ, ಪ್ರತಿ ಪದಕ್ಕೂ ಊಹೆಯನ್ನು ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಯಿರಿ. ಆಮೇಲಷ್ಟೇ ನಿಘಂಟು, ಅದೂ ಉದಾಹರಣೆ ವಾಕ್ಯ ಕೊಡುವ ಲರ್ನರ್ಸ್ ಡಿಕ್ಷನರಿ.

ಗೆರೆ ಎಳೆದದ್ದನ್ನೆಲ್ಲ ಕಲಿಯಬೇಡಿ, ತುಣುಕಿಗೆ ನಾಲ್ಕೇ ಪದ. ಅಧ್ಯಾಯದಲ್ಲಿ ಎರಡು ಸಲವಾದರೂ ಬಂದಿರುವ ಅಥವಾ ಅಕಾಡೆಮಿಕ್ ವರ್ಡ್ ಲಿಸ್ಟ್‌ನ ಮೊದಲ ನಾಲ್ಕು ಉಪಪಟ್ಟಿಗಳಲ್ಲಿರುವ ಪದಕ್ಕೆ ಆದ್ಯತೆ.

ಹೆಚ್ಚಿನವರು ಸೋಲುವುದು ನೋಟುಪುಸ್ತಕದಲ್ಲಿ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಒಂದು ಕನ್ನಡ ಪದ ಬರೆದು ಮುಗಿಸುತ್ತಾರೆ. 'ಅಡ್ರೆಸ್' ಎಂದರೆ ವಿಳಾಸ ಎಂದಷ್ಟೇ ಬರೆದುಕೊಂಡವರಿಗೆ ನೀತಿಯ 'ಅಡ್ರೆಸಿಂಗ್ ದ ಡಿಜಿಟಲ್ ಡಿವೈಡ್' ಎಂಬ ಮಾತು ಅರ್ಥವೇ ಆಗದು. 'ಡಿಜಿಟಲ್ ಡಿವೈಡ್' ಎಂದರೆ ತಂತ್ರಜ್ಞಾನ ಕೈಗೆಟುಕುವವರಿಗೂ ಎಟುಕದವರಿಗೂ ನಡುವಿನ ಅಂತರ; ಅಲ್ಲಿ 'ಅಡ್ರೆಸ್' ಎಂದರೆ ಆ ಸಮಸ್ಯೆಯನ್ನು ಕೈಗೆತ್ತಿಕೊಂಡು ಪರಿಹರಿಸುವುದು. ನಾವು ಮಾತಿನಲ್ಲಿ 'ಏನೋ ಇಶ್ಯೂ ಆಗಿದೆ' ಎಂದರೆ ತೊಂದರೆ ಎಂದೇ ಅರ್ಥ. ಪಠ್ಯದಲ್ಲಿ ಅದು ಬರೀ ಚರ್ಚೆಯ ವಿಷಯವೂ ಆಗಬಹುದು. 24ನೇ ಅಧ್ಯಾಯದ ಶೀರ್ಷಿಕೆಯಲ್ಲಿ 'ಎಕ್ವಿಟಬಲ್' ಎಂದಿದೆ, 'ಈಕ್ವಲ್' ಅಲ್ಲ. ಎಲ್ಲ ಮಕ್ಕಳಿಗೂ ಒಂದೊಂದು ಟ್ಯಾಬ್ ಕೊಡುವುದು 'ಈಕ್ವಲ್'. ಕಣ್ಣು ಕಾಣದ ಮಗುವಿಗೆ ಓದಿ ಹೇಳುವ ತಂತ್ರಾಂಶವನ್ನೂ ಸೇರಿಸಿ ಕೊಡುವುದು 'ಎಕ್ವಿಟಬಲ್'. ಎರಡಕ್ಕೂ 'ಸಮಾನ' ಎಂದು ಬರೆದರೆ ಅಧ್ಯಾಯದ ತಿರುಳೇ ಕೈತಪ್ಪುತ್ತದೆ.

ಹಾಗಾಗಿ ಒಂದು ಪದಕ್ಕೆ ಅರ್ಧ ಪುಟ ಕೊಡಿ. ಪಠ್ಯದ ವಾಕ್ಯವನ್ನು ಹಾಗೇ ಇಳಿಸಿಕೊಳ್ಳಿ, ಅರ್ಥವನ್ನು ಕನ್ನಡದ ಪೂರ್ತಿ ವಾಕ್ಯದಲ್ಲಿ ಬರೆಯಿರಿ. ಬಳಿಕ ಪದದ ಜೊತೆಗಾರರು. 'ಆಕ್ಸೆಸ್' ನಾಮಪದವಾದರೆ ಮುಂದೆ 'ಟು' ಬೇಕು, ಕ್ರಿಯಾಪದವಾದರೆ ಬೇಡ. 'ಇಂಪ್ಯಾಕ್ಟ್' ನಾಮಪದದ ಮುಂದೆ 'ಆನ್'. 'ಡಿಸ್ಕಸ್' ಆದಮೇಲೆ 'ಅಬೌಟ್' ಬರುವುದಿಲ್ಲ. ಕನ್ನಡದ 'ಬಗ್ಗೆ ಚರ್ಚಿಸು' ನಮ್ಮಿಂದ ಅದನ್ನು ಬರೆಸುತ್ತದೆ. 'ರಿಸರ್ಚ್', 'ಎವಿಡೆನ್ಸ್' ಇವಕ್ಕೆ ಸಾಮಾನ್ಯವಾಗಿ ಬಹುವಚನದ 'ಎಸ್' ಹಚ್ಚುವುದಿಲ್ಲ. ಕೊನೆಗೆ ಕುಟುಂಬ: 'ಅನಲೈಸ್', 'ಅನಾಲಿಸಿಸ್', 'ಅನಲಿಟಿಕಲ್'. ಒತ್ತು ಮೊದಲನೆಯದರಲ್ಲಿ ಮೊದಲ ಉಚ್ಚಾರಾಂಶಕ್ಕೆ, ಎರಡನೆಯದರಲ್ಲಿ ಎರಡನೆಯದಕ್ಕೆ, ಮೂರನೆಯದರಲ್ಲಿ ಮೂರನೆಯದಕ್ಕೆ ಬೀಳುತ್ತದೆ. ಕನ್ನಡದಲ್ಲಿ ಇಂಥ ಒತ್ತು ಅರ್ಥಕ್ಕೆ ಬೇಕಾಗದ ಕಾರಣ ಕಣ್ಣಿಗೆ ಗೊತ್ತಿರುವ ಪದವೂ ಉಪನ್ಯಾಸದಲ್ಲಿ ಕಿವಿಗೆ ಸಿಗುವುದಿಲ್ಲ. ಒತ್ತಿನ ಮೇಲೆ ಗೆರೆ ಹಾಕಿ ಜೋರಾಗಿ ಹೇಳಿ.

ಮರುಓದಿಗೆ ಚೀಟಿ ಮಾಡಿ. ಒಂದು ಬದಿಗೆ ಪದದ ಜಾಗ ಖಾಲಿ ಬಿಟ್ಟ ವಾಕ್ಯ, ಹಿಂಬದಿಗೆ ಪದ. 1, 3, 7, 14ನೇ ದಿನ ನೋಡಿ. ತಪ್ಪಿದ ಚೀಟಿ ಮತ್ತೆ 1ನೇ ದಿನಕ್ಕೆ. ನೋಟುಪುಸ್ತಕವನ್ನು ಸುಮ್ಮನೆ ತಿರುವಿ ಹಾಕಿದರೆ ಗೊತ್ತಿದೆ ಎಂಬ ಭ್ರಮೆ ಬರುತ್ತದೆ, ನೆನಪಿನಿಂದ ಎಳೆದು ತೆಗೆದಾಗಲೇ ಪದ ಗಟ್ಟಿಯಾಗುವುದು.

ಭಾನುವಾರ ಆ ವಾರದ ಎಂಟು ಪದಗಳಲ್ಲಿ ಐದನ್ನಾದರೂ ಬಳಸಿ, ಪಠ್ಯ ಮುಚ್ಚಿಟ್ಟು, ಎಂಟು ಸಾಲಿನ ಸಾರಾಂಶ ಬರೆಯಿರಿ. ಬಳಿಕ ಪಠ್ಯ ತೆರೆದು ಜೊತೆಗಾರ ಪದಗಳನ್ನಷ್ಟೇ ತಿದ್ದಿಕೊಳ್ಳಿ. ನಾಲ್ಕನೇ ವಾರದ ಕೊನೆಗೆ ಅದೇ ವಿಷಯದ, ಇನ್ನೂ ಓದಿರದ 300 ಪದಗಳ ತುಣುಕಿನಲ್ಲಿ ಗೊತ್ತಿಲ್ಲದವನ್ನು ಮತ್ತೆ ಎಣಿಸಿ. ಇನ್ನೂ 15 ದಾಟಿದರೆ ವಿಷಯ ಬದಲಿಸದೆ ಇನ್ನೆರಡು ವಾರ ಅಲ್ಲೇ ಇರಿ.