ಊರಿನ ಪುಟ್ಟ ಮ್ಯೂಸಿಯಮ್ಮಿನಲ್ಲಿ ಮಕ್ಕಳಿಗೆ ಇತಿಹಾಸ ಹೇಳುವುದು ಹೇಗೆ?

ನಮ್ಮ ಕಾಸರಗೋಡಿನ ಕಡೆ ವಾಚನಾಲಯದ ಹಿಂದಿನ ಕೋಣೆಯಲ್ಲೋ ಹಳೆ ಮನೆಯ ಚಾವಡಿಯಲ್ಲೋ ಹಳೆ ಸಾಮಾನು ಕೂಡಿಟ್ಟವರು ಇದ್ದಾರೆ. ನಾನೂ ಅಂಥ ಒಂದು ಕೋಣೆಯ ಬೀಗದ ಕೈ ಇಟ್ಟುಕೊಂಡವನು. ಮೊದಲ ಸಲ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯ ಮಕ್ಕಳು ಬಂದಾಗ ಪ್ರತಿಯೊಂದರ ಹೆಸರು ಹೇಳುತ್ತಾ ಮುಕ್ಕಾಲು ಗಂಟೆ ಭಾಷಣ ಬಿಗಿದೆ. ಅವರು ನೋಡಿದ್ದೆಲ್ಲಾ ಮಾಡಿನಲ್ಲಿದ್ದ ಹಲ್ಲಿಯನ್ನು.

ಹಾಗಾಗಿ ಮೊದಲನೆಯದು, ಟೀಚರ್ ಒಬ್ಬರೇ ಮೊದಲು ಬಂದು ನೋಡಿಕೊಂಡು ಹೋಗಲಿ, ಮೂರೋ ನಾಲ್ಕೋ ಸಾಮಾನು ಆರಿಸಲಿ, ಸಾಕು. ಮಕ್ಕಳು ಒಂದು ಸಲಕ್ಕೆ ಹತ್ತು ಹನ್ನೆರಡು ಜನ ಒಳಗೆ ಬರಲಿ. ಉಳಿದವರನ್ನು ಜಗಲಿಯಲ್ಲಿ ಚೆನ್ನೆಮಣೆಗೆ, ಅಂದರೆ ಗುಳಿಯಿಂದ ಗುಳಿಗೆ ಕಾಯಿ ಹಾಕುವ ಮಣೆಯಾಟಕ್ಕೆ, ಕೂರಿಸಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಕಾಯಿ, ಗದ್ದಲ ಅರ್ಧ ಕಡಿಮೆಯಾಗುತ್ತದೆ. ಅದೂ ಮ್ಯೂಸಿಯಮ್ಮಿನ ಸಾಮಾನೇ ಅಲ್ವಾ?

ಸಾಮಾನನ್ನು ಕೈಗೆ ಕೊಟ್ಟು ಸುಮ್ನೆ ಇರಿ. "ಇದು ಯಾತಕ್ಕೆ ಇರಬಹುದು?" ಅಂತ ಮಾತ್ರ ಕೇಳಿ. ಸೇರನ್ನು ನೋಡಿ ಒಬ್ಬ ಹೂವಿನ ಕುಂಡ ಅಂದ, ಅನ್ನಲಿ ಬಿಡಿ. ಆಮೇಲೆ ಒಂದು ಚೀಲ ಭತ್ತ ಕೊಟ್ಟು ಅಳೆಯಲು ಹೇಳಿ. ನಮ್ಮ ಕಡೆಯ ಹಳೆ ಅಳತೆಯಲ್ಲಿ ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ, ಹಾಗಾದರೆ ಮುಡಿಗೆ ಎಷ್ಟು ಸೇರು? ಲೆಕ್ಕದ ಮಾಸ್ಟ್ರಿಗೂ ಖುಷಿ. ಎರಡನೇ ಮಹಾಯುದ್ಧದ ಕಾಲದ ತೂತು ಕಾಸು ಇದ್ದರೆ ಅದನ್ನೂ ಕೊಡಿ. ತಾಮ್ರ ಉಳಿಸಲು ತೂತು ಮಾಡಿದ್ದು ಅಂತ ಕೊನೆಗೆ ಹೇಳಿದರೆ ಸಾಕು, ಅಷ್ಟು ಹೊತ್ತಿಗೆ ಅವರು ದಾರಕ್ಕೆ ಪೋಣಿಸಲು ಅಂತಲೋ ಏನೋ ಹತ್ತು ಕಾರಣ ಹುಡುಕಿರುತ್ತಾರೆ. ಓಲೆಗರಿಯನ್ನು ಮಾತ್ರ ಮುಟ್ಟಲು ಕೊಡಬೇಡಿ, ಮುರಿದರೆ ಮುಗಿಯಿತು.

ಬೇಕಲ ಕೋಟೆಯ ಪಾಠ ಇದ್ದರೆ ಒಂದು ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ತಂದಿಡಿ. ಕೋಟೆ ಕಟ್ಟಿಸಿದ ಕೆಳದಿಯ ಅರಸ ಶಿವಪ್ಪ ನಾಯಕ, 1650ರ ಹೊತ್ತು, ಅವೆಲ್ಲಾ ಆಮೇಲೆ. ಕೋಟೆ ಕಟ್ಟಿದ್ದೂ ನಮ್ಮ ಮನೆ ಗೋಡೆಯ ಇದೇ ಕಲ್ಲಿನಲ್ಲಿ ಅಂತ ಗೊತ್ತಾದ ಕೂಡಲೇ ಮಕ್ಕಳ ಕಣ್ಣು ಅರಳುತ್ತದೆ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಗಟ್ಟಿ ಪಾಠ ಕಾಗದದ್ದು. ಒಂದೇ ಜಾಗದ ಹಳೆ ಆಧಾರ (ಆಸ್ತಿ ಪತ್ರ), ರಶೀದಿ, ಸರ್ಟಿಫಿಕೇಟುಗಳ ಜೆರಾಕ್ಸ್ ಮಾಡಿಸಿ, ಹೆಸರುಗಳ ಮೇಲೆ ಕಾಗದ ಅಂಟಿಸಿ, ಗೋಡೆಯಲ್ಲಿ ಸಾಲಾಗಿ ತೂಗುಹಾಕಿ. ಮುತ್ತಜ್ಜನ ಕಾಲದ್ದರಲ್ಲಿ ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿದ ಮೇಲಿನದ್ದರಲ್ಲಿ ಕಣ್ಣೂರು ಜಿಲ್ಲೆ. 1984ರ ಮೇ 24ರ ನಂತರದ್ದರಲ್ಲಿ ಕಾಸರಗೋಡು ಜಿಲ್ಲೆ. ಆಮೇಲೆ ಕೇಳಿ, "ಅಜ್ಜ ಎಷ್ಟು ಸಲ ಮನೆ ಬದಲಿಸಿದರು?" ಎರಡೋ ಮೂರೋ ಸಲ ಅನ್ನುತ್ತಾರೆ. ಒಂದು ಸಲವೂ ಇಲ್ಲ ಅಂದಾಗ ಕೋಣೆ ಒಂದು ಗಳಿಗೆ ನಿಶ್ಶಬ್ದ, ಮತ್ತೆ ಎಲ್ಲರದ್ದೂ ಒಟ್ಟಿಗೆ ಪ್ರಶ್ನೆ. ಗಡಿ ಅಂದರೆ ಏನು ಅನ್ನುವುದಕ್ಕೆ ನಕಾಶೆ ಬರೆದು ತೋರಿಸಿದರೂ ಇಷ್ಟು ಬೇಗ ತಲೆಗೆ ಹೋಗುವುದಿಲ್ಲ. ಭಾಷೆಯ ಜಗಳದ ಕಥೆಗೆ ಇಲ್ಲಿ ಕೈ ಹಾಕಬೇಡಿ, ಅದು ದೊಡ್ಡ ಕ್ಲಾಸಿಗೆ ಇರಲಿ.

ವರ್ಕ್‌ಶೀಟ್ ಕೊಡಲೇಬೇಕು ಅನ್ನುವ ಟೀಚರುಗಳಿದ್ದಾರೆ. ಒಂದು ಚಿತ್ರ, ಅದರ ಕೆಳಗೆ ಮನೆಯ ಅಜ್ಜಿಗೆ ಕೇಳಬೇಕಾದ ಒಂದು ಪ್ರಶ್ನೆ, ಅಷ್ಟು ಸಾಕು. ಮರುದಿನ ಯಾರಾದರೂ ಮುಟ್ಟಾಳೆಯನ್ನೋ (ಅಡಿಕೆ ಹಾಳೆಯ ಟೊಪ್ಪಿ) ತುಕ್ಕು ಹಿಡಿದ ಅಡಿಕೆ ಕತ್ತರಿಯನ್ನೋ ಹಿಡಿದುಕೊಂಡು ಬರುತ್ತಾರೆ. ತಗೊಳ್ಳುವ ಮೊದಲು ಮನೆಗೆ ಒಂದು ಫೋನ್ ಮಾಡಿ, ಎಷ್ಟೋ ಸಲ ಮನೆಯವರಿಗೆ ಗೊತ್ತೇ ಇರುವುದಿಲ್ಲ.