ಒಂದೇ ಹೆಸರಿನ ಲೇಖಕರನ್ನು ಗ್ರಂಥಸೂಚಿಯಲ್ಲಿ ಬೇರ್ಪಡಿಸುವ ಬಗೆ

ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣಪ್ಪನವರನ್ನೂ ಗದುಗಿನ ನಾರಣಪ್ಪನನ್ನೂ ನಮ್ಮ ಜನ ಎಂದೂ ಒಬ್ಬರೆಂದು ಬಗೆದವರಲ್ಲ. ಹೆಸರಿನ ಹಿಂದೆ ಊರನ್ನು ಹಚ್ಚಿದರೆ ಸಾಕಾಗುತ್ತಿತ್ತು. ಗ್ರಂಥಾಲಯದ ಸೂಚಿಯಲ್ಲಿ ಮಾಡಬೇಕಾದದ್ದೂ ಮೂಲತಃ ಇದೇ ಕೆಲಸ. ಆದರೆ ಸೂಚಿಯನ್ನು ಹುಡುಕುವ ಯಂತ್ರಕ್ಕೆ ಅಕ್ಷರ ಮಾತ್ರ ಗೊತ್ತು, ಮನುಷ್ಯ ಗೊತ್ತಿಲ್ಲ. ಅಕ್ಷರ ಒಂದೇ ಆಗಿದ್ದರೆ ಇಬ್ಬರು ಒಬ್ಬರಾಗುತ್ತಾರೆ, ಒಂದು ಚುಕ್ಕಿ ಬದಲಾದರೆ ಒಬ್ಬರೇ ಇಬ್ಬರಾಗುತ್ತಾರೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈ ತೊಡಕು ಹೆಚ್ಚು, ಏಕೆಂದರೆ ಇಲ್ಲಿ ಮನೆದೇವರ ಹೆಸರನ್ನು ಮಕ್ಕಳಿಗೆ ಇಡುವ ರೂಢಿ ಬಲವಾಗಿದೆ. ದೇವರಾಯನದುರ್ಗಕ್ಕೂ ಸೀಬಿಗೂ ನಡೆದುಕೊಳ್ಳುವ ಮನೆಗಳಲ್ಲಿ ನರಸಿಂಹಯ್ಯ, ನರಸಿಂಹಮೂರ್ತಿಗಳು, ಸಿದ್ಧಗಂಗೆಯ ಸುತ್ತ ಸಿದ್ಧಗಂಗಯ್ಯ, ಗಂಗಾಧರಯ್ಯಗಳು, ಕೋಲಾರದ ಕಡೆಗೆ ಹೋದರೆ ನಾರಾಯಣಸ್ವಾಮಿ, ವೆಂಕಟರಮಣಪ್ಪ, ಮುನಿಯಪ್ಪಗಳು ಮನೆಗೊಬ್ಬರಂತೆ ಸಿಗುತ್ತಾರೆ. ಮೊಮ್ಮಗನಿಗೆ ತಾತನ ಹೆಸರು ಬರುವುದರಿಂದ ಒಂದೇ ಮನೆಯಲ್ಲೂ ಹೆಸರು ಮರಳಿ ಬರುತ್ತದೆ. ಮನೆತನದ ಹೆಸರನ್ನು ಬಳಸುವ ಪದ್ಧತಿ ಇಲ್ಲಿ ವಿರಳ. ಹೀಗಾಗಿ ಉಳಿಯುವ ಆಧಾರ ಹೆಸರಿನ ಮುಂದಿನ ಒಂದೆರಡು ಇನಿಷಿಯಲ್‌ಗಳು ಮಾತ್ರ.

ಆದ್ದರಿಂದ ಮೊದಲ ಕೆಲಸ ಇನಿಷಿಯಲ್‌ಗಳನ್ನು ಬಿಡಿಸುವುದು. ಸಾಮಾನ್ಯವಾಗಿ ಮೊದಲಕ್ಷರ ಊರಿನದು, ಎರಡನೆಯದು ತಂದೆಯದು. ನಮ್ಮ ತುಮಕೂರು ಜಿಲ್ಲೆಯ ಇಬ್ಬರು ಶ್ರೀಕಂಠಯ್ಯನವರು ಇದಕ್ಕೆ ಒಳ್ಳೆಯ ಉದಾಹರಣೆ. ಬಿ.ಎಂ.ಶ್ರೀ. ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ತೀ.ನಂ.ಶ್ರೀ. ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಜಿಲ್ಲೆ ಒಂದೇ, ವೃತ್ತಿ ಅಧ್ಯಾಪನ, ಕ್ಷೇತ್ರ ಕನ್ನಡ ಸಾಹಿತ್ಯ, ಇಬ್ಬರೂ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡಿದವರು. ಸೂಚಿಯಲ್ಲಿ ‘ಶ್ರೀಕಂಠಯ್ಯ’ ಎಂದಷ್ಟೇ ಬರೆದರೆ ಇವರನ್ನು ಬೇರ್ಪಡಿಸಲು ಏನೂ ಉಳಿಯುವುದಿಲ್ಲ. ‘ಶ್ರೀಕಂಠಯ್ಯ, ಬಿ.ಎಂ. (ಬೆಳ್ಳೂರು ಮೈಲಾರಯ್ಯ), 1884-1946’ ಮತ್ತು ‘ಶ್ರೀಕಂಠಯ್ಯ, ತೀ.ನಂ. (ತೀರ್ಥಪುರ ನಂಜುಂಡಯ್ಯ), 1906-1966’ ಎಂದು ಬರೆದರೆ ಯಾರಿಗೂ ಅನುಮಾನ ಬಾರದು.

ಇದೇ ಉದಾಹರಣೆಯಲ್ಲಿ ಎರಡು ಎಚ್ಚರಿಕೆಗಳೂ ಅಡಗಿವೆ. ಬಿ.ಎಂ.ಶ್ರೀ. ಅವರ ‘ಬಿ’ ಹುಟ್ಟೂರಿನದಲ್ಲ, ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಅವರ ‘ಡಿ’ ದೇವನಹಳ್ಳಿಯದು. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ‘ಎಂ’ ಆಂಧ್ರದ ಮೋಕ್ಷಗುಂಡಂ ಎಂಬ ಹಿರೀಕರ ಊರಿನದು. ಇನಿಷಿಯಲ್‌ನ ಊರನ್ನೇ ಜನ್ಮಸ್ಥಳವೆಂದು ದಾಖಲೆಗೆ ಏರಿಸಬಾರದು. ಇನ್ನೊಂದು ಎಚ್ಚರಿಕೆ, ಕನ್ನಡದ ಇನಿಷಿಯಲ್ ಮತ್ತು ಇಂಗ್ಲಿಷ್ ಇನಿಷಿಯಲ್ ಬೇರೆಯಾಗಿ ಕಾಣುವುದಕ್ಕೆ ಸಂಬಂಧಿಸಿದ್ದು. ‘ತೀ.ನಂ.’ ಎಂದರೂ ‘ಟಿ.ಎನ್.’ ಎಂದರೂ ಅವರೇ, ‘ಪು.ತಿ.ನ.’ ಎಂದರೂ ‘ಪಿ.ಟಿ. ನರಸಿಂಹಾಚಾರ್’ ಎಂದರೂ ಒಬ್ಬರೇ. ಆದರೆ ಡಿ.ಎಲ್. ನರಸಿಂಹಾಚಾರ್ ಬೇರೆ, ಆರ್. ನರಸಿಂಹಾಚಾರ್ ಬೇರೆ. ಇನಿಷಿಯಲ್‌ನಿಂದ ರಕ್ತಸಂಬಂಧವನ್ನು ಊಹಿಸುವುದೂ ಸಲ್ಲದು. ಡಿ.ವಿ.ಜಿ. ಅವರ ಮಗ ಬಿ.ಜಿ.ಎಲ್. ಸ್ವಾಮಿಯವರ ‘ಬಿ’ ಬೆಂಗಳೂರು, ‘ಜಿ’ ಗುಂಡಪ್ಪ. ತಂದೆಮಕ್ಕಳ ಹೆಸರಿನಲ್ಲಿ ಊರೇ ಬದಲಾಗಿದೆ. ಮದುವೆಯ ಬಳಿಕ ಗಂಡನ ಹೆಸರನ್ನೋ ಇನಿಷಿಯಲ್ಲನ್ನೋ ತೆಗೆದುಕೊಂಡ ಲೇಖಕಿಯರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಬಿಡಿಸುವುದಕ್ಕೆ ಬೇಕಾದ ಮಾಹಿತಿಯನ್ನು ಎಲ್ಲಿ ಹುಡುಕಬೇಕು? ಅಂತರಜಾಲಕ್ಕೆ ಹೋಗುವ ಮೊದಲು ಪುಸ್ತಕವನ್ನು ಪೂರ್ತಿ ತಿರುವಿ ಹಾಕುವುದು ಮೇಲು ಎಂಬುದು ನನ್ನ ಅನುಭವ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ನಮ್ಮ ಪ್ರಕಾಶಕರು ಪುಸ್ತಕದ ವಿವರವನ್ನು ಇಂಗ್ಲಿಷಿನಲ್ಲಿ ಒಂದೆರಡು ಸಾಲು ಅಚ್ಚು ಹಾಕುವುದುಂಟು. ಮುಖಪುಟದಲ್ಲಿ ಬರಿಯ ಕಾವ್ಯನಾಮವಿದ್ದರೂ ಆ ಸಾಲಿನಲ್ಲಿ ಒಮ್ಮೊಮ್ಮೆ ನಿಜವಾದ ಹೆಸರು ಸಿಕ್ಕಿಬಿಡುತ್ತದೆ. ಬೆನ್ನುಡಿಯ ಲೇಖಕ ಪರಿಚಯ, ‘ಇದೇ ಲೇಖಕರ ಇತರ ಕೃತಿಗಳು’ ಎಂಬ ಪಟ್ಟಿ, ಮುನ್ನುಡಿ ಬರೆದ ಹಿರಿಯರು ಆಡಿದ ಒಂದು ಮಾತು, ಅರ್ಪಣೆಯ ಪುಟದಲ್ಲಿರುವ ತಂದೆತಾಯಿಯರ ಹೆಸರು, ಇವೆಲ್ಲ ಸಾಕ್ಷಿಗಳೇ. ಅರ್ಪಣೆಯ ಪುಟವನ್ನು ಸೂಚಿಕಾರರು ಕಡೆಗಣಿಸುತ್ತಾರೆ. ತಂದೆಯ ಇನಿಷಿಯಲ್ಲನ್ನು ಬಿಡಿಸಲು ಅದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಲೇಖಕರ ಅರಿಕೆಯ ಕೊನೆಯಲ್ಲಿ ಊರು ಮತ್ತು ತಿಥಿ ಇರುತ್ತದೆ. ಅಲ್ಲಿ ಸಂವತ್ಸರದ ಹೆಸರು ಮಾತ್ರ ಇದ್ದರೆ ಅವಸರ ಮಾಡಬಾರದು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ. ವಿಕೃತಿ ಸಂವತ್ಸರದ ಯುಗಾದಿ ಎಂದರೆ 1950 ಆಗಬಹುದು, 2010 ಆಗಬಹುದು. ಕಾಗದ, ಬೆಲೆ, ಮುದ್ರಣದ ಬಗೆಯನ್ನು ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಹಾಗೆಯೇ ಮುದ್ರಣದ ವರ್ಷವನ್ನು ನೋಡುವಾಗ ಮೊದಲ ಮುದ್ರಣದ ವರ್ಷವನ್ನೇ ಗುರುತು ಹಾಕಿಕೊಳ್ಳಬೇಕು. ಮರುಮುದ್ರಣದ ವರ್ಷವನ್ನು ಹಿಡಿದರೆ ತಾತನ ಪುಸ್ತಕ ಮೊಮ್ಮಗನ ಪಾಲಾಗುತ್ತದೆ.

ಸಿಕ್ಕ ಸಾಕ್ಷಿಗಳೆಲ್ಲ ಒಂದೇ ತೂಕದವಲ್ಲ. ಪೂರ್ಣ ಹೆಸರು, ಹುಟ್ಟಿದ ವರ್ಷ, ಒಂದು ಕೃತಿಯಲ್ಲಿ ಇನ್ನೊಂದು ಕೃತಿಯ ಸ್ಪಷ್ಟ ಉಲ್ಲೇಖ, ಇವು ಗಟ್ಟಿ. ವಿಷಯ, ಭಾಷೆ, ಪ್ರಕಾಶಕರು, ಪದವಿ, ಇವು ಸಡಿಲ. ಸಸ್ಯಶಾಸ್ತ್ರದ ಪ್ರಬಂಧಗಳನ್ನು ಬರೆದವರೇ ಕನ್ನಡ ಸಾಹಿತ್ಯಕ್ಕಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರೆಂದು ಬಿ.ಜಿ.ಎಲ್. ಸ್ವಾಮಿಯವರನ್ನು ತಿಳಿಯದ ಸೂಚಿಕಾರ ಹೇಗೆ ನಂಬಿಯಾನು? ವಿಷಯ ಬೇರೆ ಎಂಬ ಕಾರಣಕ್ಕೆ ಅವನು ಇಬ್ಬರು ಸ್ವಾಮಿಗಳನ್ನು ಸೃಷ್ಟಿಸಿಯಾನು. ಭಾಷೆಯೂ ಹಾಗೆಯೇ. ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಪಾವಗಡದ ಸೀಮೆಯಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಸಹಜ. ಕೈವಾರದ ತಾತಯ್ಯನವರೇ (ಮೊದಲು ಹೇಳಿದ ನಾರಾಯಣಪ್ಪನವರು) ಎರಡೂ ಭಾಷೆಗಳಲ್ಲಿ ರಚಿಸಿದ್ದಾರೆ. ಒಂದು ಪುಸ್ತಕ ತೆಲುಗು, ಇನ್ನೊಂದು ಕನ್ನಡ ಎಂದ ಮಾತ್ರಕ್ಕೆ ಲೇಖಕರು ಬೇರೆಯಾಗುವುದಿಲ್ಲ.

ಜಿಲ್ಲೆಯ ಹೆಸರು ಕೂಡ ಸಡಿಲ ಸಾಕ್ಷಿಯೇ. ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಆದ್ದರಿಂದ ಗೌರಿಬಿದನೂರಿನ ಲೇಖಕರೊಬ್ಬರು ಹಳೆಯ ಬೆನ್ನುಡಿಯಲ್ಲಿ ಕೋಲಾರ ಜಿಲ್ಲೆಯವರಾಗಿಯೂ ಹೊಸದರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯವರಾಗಿಯೂ ಕಾಣುತ್ತಾರೆ. ಇಂಗ್ಲಿಷ್ ಬರಹದಲ್ಲಿ ‘ತುಮ್ಕೂರ್’ ಎಂದಿದ್ದದ್ದು ‘ತುಮಕೂರು’ ಆದದ್ದು 2014ರಲ್ಲಿ. ಗಟ್ಟಿ ಸಾಕ್ಷಿಯೂ ಕೆಲವೊಮ್ಮೆ ಅಲುಗಾಡುತ್ತದೆ. ವಿಶ್ವೇಶ್ವರಯ್ಯನವರ ಜನನ ವರ್ಷ ಕೆಲವು ಕಡೆ 1860, ಕೆಲವು ಕಡೆ 1861 ಎಂದಿದೆ. ವರ್ಷ ಒಂದು ಹೆಚ್ಚುಕಡಿಮೆಯಾದರೆ ಬೇರೆ ವ್ಯಕ್ತಿ ಎಂದು ತೀರ್ಮಾನಿಸುವುದಾದರೆ ಅವರೂ ಇಬ್ಬರಾಗಬೇಕಾಗುತ್ತದೆ.

ಇಷ್ಟೆಲ್ಲ ನೋಡಿದ ಬಳಿಕ ನಾನು ಪಾಲಿಸುವ ನಿಯಮ ಇದು: ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಾಕ್ಷಿಗಳು, ಅವುಗಳಲ್ಲಿ ಒಂದಾದರೂ ಗಟ್ಟಿಯಾದದ್ದು, ಸಿಗುವವರೆಗೆ ಎರಡು ಹೆಸರುಗಳನ್ನು ಒಂದು ಮಾಡುವುದಿಲ್ಲ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಗ್ರಂಥಾಲಯದಲ್ಲಿ ಕಾರ್ಡುಗಳಿಂದ ಕಂಪ್ಯೂಟರಿಗೆ ಬದಲಾಗುವಾಗ ಅಕ್ಷರ ಹೊಂದಿದ ಹೆಸರುಗಳನ್ನೆಲ್ಲ ಒಂದೇ ಗುಂಡಿ ಒತ್ತಿ ಕೂಡಿಸಿಬಿಟ್ಟಿದ್ದೆವು. ಕೆಲವು ದಿನಗಳ ಬಳಿಕ ಓದುಗರೊಬ್ಬರು ಬಂದು, ‘ಸಾರ್, ವಚನಗಳಿಗೆ ವ್ಯಾಖ್ಯಾನ ಬರೆದ ಇವರೇ ರಾಗಿ ಬೇಸಾಯದ ಕೈಪಿಡಿಯನ್ನೂ ಬರೆದಿದ್ದಾರೆಯೇ?’ ಎಂದು ಬಹು ವಿನಯದಿಂದ ಕೇಳಿದರು. ಬರೆದಿರಲಿಲ್ಲ. ಆ ಹೆಸರುಗಳನ್ನು ಮತ್ತೆ ಬಿಡಿಸುವುದಕ್ಕೆ ಪ್ರತಿಯೊಂದು ಪುಸ್ತಕವನ್ನೂ ಕಪಾಟಿನಿಂದ ಇಳಿಸಿ ನೋಡಬೇಕಾಯಿತು, ಹರಿದು ರದ್ದಾಗಿದ್ದ ಪುಸ್ತಕಗಳ ಮಟ್ಟಿಗೆ ಅದೂ ಸಾಧ್ಯವಾಗಲಿಲ್ಲ. ಬೇರೆ ಇಟ್ಟದ್ದನ್ನು ಕೂಡಿಸುವುದು ನಿಮಿಷದ ಕೆಲಸ, ಕೂಡಿಸಿದ್ದನ್ನು ಬಿಡಿಸುವುದು ತಿಂಗಳುಗಳ ಕೆಲಸ.

ಶೀರ್ಷಿಕೆಯನ್ನು, ಅಂದರೆ ಸೂಚಿಯಲ್ಲಿ ಲೇಖಕರ ಹೆಸರನ್ನು ಕಾಣಿಸುವ ರೂಪವನ್ನು, ಬರೆಯುವ ಕ್ರಮ ಕಷ್ಟದ್ದಲ್ಲ. ಗ್ರಂಥಸೂಚಿ ತಯಾರಿಸುವ ಎಎಸಿಆರ್ 2 ನಿಯಮಗಳಾಗಲಿ, ಅವುಗಳ ಬದಲಿಗೆ 2010ರಲ್ಲಿ ಬಂದ ಆರ್‌ಡಿಎ ಆಗಲಿ, ಹೆಸರಿಗೆ ಸೇರಿಸಲು ಅವಕಾಶ ಕೊಡುವುದು ಬಹುಪಾಲು ಇವುಗಳನ್ನೇ: ಜನನ ಮರಣದ ವರ್ಷ, ಹೆಸರಿನ ಪೂರ್ಣ ರೂಪ, ಅವು ಸಿಗದಿದ್ದರೆ ವೃತ್ತಿ ಅಥವಾ ಬೇರೆ ಗುರುತು. ಸೂಚಿಯ ವಿವರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಮಾದರಿಯಾದ ಮಾರ್ಕ್ 21 ದಾಖಲೆಯ 100ನೇ ಕ್ಷೇತ್ರದಲ್ಲಿ ಹೆಸರು ‘ಎ’ ಉಪಕ್ಷೇತ್ರಕ್ಕೆ, ಪೂರ್ಣ ರೂಪ ‘ಕ್ಯು’ಗೆ, ವರ್ಷ ‘ಡಿ’ಗೆ, ಬಿರುದು, ವೃತ್ತಿ ಮುಂತಾದವು ‘ಸಿ’ಗೆ ಹೋಗುತ್ತವೆ. ಗ್ರಂಥಾಲಯಗಳು ಬಳಸುವ ಕೊಹಾ ತಂತ್ರಾಂಶದಲ್ಲಿ ಅಥಾರಿಟಿ ದಾಖಲೆಗಳಿಗೆಂದೇ, ಅಂದರೆ ಒಬ್ಬ ಲೇಖಕರ ಹೆಸರಿನ ಎಲ್ಲ ರೂಪಗಳನ್ನೂ ಒಂದೆಡೆ ಇಡುವ ದಾಖಲೆಗಳಿಗೆಂದೇ, ಪ್ರತ್ಯೇಕ ವಿಭಾಗವಿದೆ. ಒಪ್ಪಿದ ರೂಪವನ್ನು ಅಲ್ಲಿ 100ರಲ್ಲಿ ಬರೆದು, ಉಳಿದ ರೂಪಗಳನ್ನು 400ರಲ್ಲಿ ಬರೆದರೆ, ‘ಟಿ.ಎನ್.’ ಎಂದು ಹುಡುಕಿದವರು ‘ತೀ.ನಂ.’ಗೆ ತಲುಪುತ್ತಾರೆ. ಯಾವ ಪುಸ್ತಕದ ಯಾವ ಪುಟದಲ್ಲಿ ಏನು ಕಂಡಿತು ಎಂಬುದನ್ನು 670ರಲ್ಲಿ ಬರೆದಿಡಬೇಕು. ಬಹುಮಂದಿ ಬಿಟ್ಟುಬಿಡುವ ಕ್ಷೇತ್ರ ಇದೇ. ನಿಮ್ಮ ನಂತರ ಆ ಕುರ್ಚಿಗೆ ಬರುವವರು ನಿಮ್ಮ ತೀರ್ಮಾನವನ್ನು ಪರೀಕ್ಷಿಸಲು ಇರುವ ದಾರಿಯೂ ಇದೊಂದೇ. ತಂತ್ರಾಂಶವಿಲ್ಲದ ಸಣ್ಣ ಗ್ರಂಥಾಲಯದಲ್ಲಿ ಇಷ್ಟನ್ನೂ ಒಂದು ಉದ್ದದ ನೋಟ್‌ಬುಕ್ಕಿನಲ್ಲಿ ಬರೆದರೂ ನಡೆಯುತ್ತದೆ.

ಸ್ವಾಮೀಜಿಯವರ ಹೆಸರುಗಳಿಗೆ ಪ್ರತ್ಯೇಕ ಗಮನ ಬೇಕು. ತುಮಕೂರಿನಲ್ಲಿ ಶಿವಕುಮಾರ ಸ್ವಾಮೀಜಿ ಎಂದರೆ ಸಿದ್ಧಗಂಗೆಯವರು (1907-2019). ಸಿರಿಗೆರೆಯ ತರಳಬಾಳು ಮಠದಲ್ಲಿಯೂ 1992ರವರೆಗೆ ಇದ್ದವರು ಶಿವಕುಮಾರ ಶಿವಾಚಾರ್ಯರು. ಇಲ್ಲಿ ಮಠದ ಹೆಸರನ್ನು ಶೀರ್ಷಿಕೆಗೆ ಸೇರಿಸದೆ ಗತಿಯಿಲ್ಲ, ಜೊತೆಗೆ ವರ್ಷವೂ ಇರಬೇಕು. ಒಂದೇ ಪೀಠದಲ್ಲಿ ಹಿಂದಿನ ಗುರುಗಳ ಹೆಸರು ಮುಂದಿನವರಿಗೆ ಬರುವುದುಂಟು, ಆಗ ಮಠದ ಹೆಸರೊಂದೇ ಸಾಲದು. ಕಾವ್ಯನಾಮಗಳ ವಿಷಯ ಇದಕ್ಕಿಂತ ಸರಳ: ಮಾಲೂರು ತಾಲ್ಲೂಕಿನ ಮಾಸ್ತಿಯವರು ‘ಶ್ರೀನಿವಾಸ’ ಎಂದು ಬರೆದರು, ಆದರೆ ಶ್ರೀನಿವಾಸ ಎಂಬುದು ಊರಿಗೆ ಹತ್ತು ಮಂದಿಯ ಹುಟ್ಟು ಹೆಸರೂ ಹೌದು, ಆದ್ದರಿಂದ ಕಾವ್ಯನಾಮದ ಪಕ್ಕದಲ್ಲೂ 1891-1986 ಎಂಬ ವರ್ಷ ಇರಲೇಬೇಕು.

ಇನ್ನು ಕಂಪ್ಯೂಟರಿನ ಕಣ್ಣಿಗೆ ಮಾತ್ರ ಕಾಣುವ ಭೇದಗಳು. ಇವುಗಳಿಂದ ಒಬ್ಬರೇ ಲೇಖಕರು ನಾಲ್ಕಾರು ಮಂದಿಯಾಗುತ್ತಾರೆ. ಎಚ್. ಮತ್ತು ಹೆಚ್., ಎಂ. ಮತ್ತು ಎಮ್., ಸಿದ್ದಯ್ಯ ಮತ್ತು ಸಿದ್ಧಯ್ಯ, ಚುಕ್ಕಿಯ ಬಳಿಕ ಬಿಟ್ಟ ಜಾಗ ಮತ್ತು ಬಿಡದ ಜಾಗ, ಇವು ಕಣ್ಣಿಗೆ ಕಾಣುವಂಥವು. ಕಾಣದವೂ ಇವೆ. ಟೈಪ್ ಮಾಡುವವರು ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿರುತ್ತಾರೆ. ಪರದೆಯ ಮೇಲೆ ‘ಎಂ.’ ಮತ್ತು ‘ಎ೦.’ ಒಂದೇ ತೆರನಾಗಿ ಕಂಡರೂ ಯಂತ್ರಕ್ಕೆ ಅವು ಬೇರೆ ಬೇರೆ ಸಂಕೇತಗಳು. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೂ ಕಕಾರಕ್ಕೂ ಒತ್ತು ಬೀಳದಂತೆ ತಡೆಯುವ ಒಂದು ಅದೃಶ್ಯ ಅಕ್ಷರವಿರುತ್ತದೆ. ಒಬ್ಬರು ಅದನ್ನು ಹಾಕಿ ಇನ್ನೊಬ್ಬರು ಬಿಟ್ಟರೆ ಹುಡುಕಾಟ ಹೊಂದದೆ ಹೋಗಬಹುದು. ಹಳೆಯ ನುಡಿ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ಬದಲಾಯಿಸಿದ್ದರೆ ಇಂಥ ತಪ್ಪುಗಳನ್ನು ಮೊದಲೇ ಹುಡುಕಿ ತಿದ್ದಬೇಕು. ಆ ಬಳಿಕವೇ ಯಾರು ಯಾರೆಂಬ ವಿಚಾರಕ್ಕೆ ಕೈಹಾಕಬೇಕು, ಇಲ್ಲವಾದರೆ ಇಲ್ಲದ ಲೇಖಕರನ್ನು ಹುಡುಕುತ್ತ ದಿನ ಕಳೆಯುತ್ತದೆ.

ಹೊರಗಿನ ನೆರವೂ ಇದೆ. ವಿಯಾಫ್ ಎಂಬ ಅಂತರಜಾಲ ತಾಣವು ಹಲವು ದೇಶಗಳ ರಾಷ್ಟ್ರೀಯ ಗ್ರಂಥಾಲಯಗಳ ಅಥಾರಿಟಿ ದಾಖಲೆಗಳನ್ನು ಒಟ್ಟುಗೂಡಿಸಿ ತೋರಿಸುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಕಚೇರಿ ಇಟ್ಟು ಕನ್ನಡ ಪುಸ್ತಕಗಳನ್ನೂ ಕೊಳ್ಳುವುದರಿಂದ ನಮ್ಮ ಅನೇಕ ಲೇಖಕರ ಹೆಸರುಗಳು ಅಲ್ಲಿ ರೋಮನ್ ಲಿಪಿಯಲ್ಲಿ, ಮೇಲೆ ಗೆರೆ, ಕೆಳಗೆ ಚುಕ್ಕಿಗಳ ಸಮೇತ ಸಿಗುತ್ತವೆ. ಆದರೆ ವಿಯಾಫ್ ತಾಣದಲ್ಲಿ ಒಬ್ಬರದೆಂದು ತೋರುವ ದಾಖಲೆಗಳನ್ನು ಗುಂಪು ಕಟ್ಟುವುದು ಯಂತ್ರವೇ ಆದ್ದರಿಂದ ಅಲ್ಲಿನ ಜೋಡಣೆಯನ್ನು ಸಾಕ್ಷಿಯೆಂದು ತಿಳಿಯದೆ ಸುಳಿವೆಂದು ತಿಳಿಯುವುದು ಒಳ್ಳೆಯದು. ಈಗಿನ ಸಂಶೋಧಕರಾದರೆ ಸಂಶೋಧಕರನ್ನು ಗುರುತಿಸುವ 16 ಸ್ಥಾನಗಳ ಆರ್ಕಿಡ್ ಸಂಖ್ಯೆಯನ್ನು ತಾವೇ ಪಡೆದಿರುತ್ತಾರೆ, ಅದು ಇದ್ದರೆ ದಾಖಲೆಗೆ ಸೇರಿಸಬೇಕು. ಲೇಖಕರು ಊರಿನಲ್ಲೇ ಇದ್ದರೆ ಅವರನ್ನೇ ಕೇಳುವುದು ಎಲ್ಲಕ್ಕಿಂತ ಸುಲಭ. ಹುಟ್ಟಿದ ದಿನ, ತಿಂಗಳು ಕೇಳುವ ಅಗತ್ಯವಿಲ್ಲ, ವರ್ಷ ಸಾಕು. ವರ್ಷವನ್ನೂ ಹೇಳಲು ಮನಸ್ಸಿಲ್ಲದವರ ಶೀರ್ಷಿಕೆಗೆ ಪೂರ್ಣ ಹೆಸರನ್ನೋ ವೃತ್ತಿಯನ್ನೋ ಸೇರಿಸಿದರಾಯಿತು.

ಇಷ್ಟಾದರೂ ತೀರ್ಮಾನವಾಗದ ಹೆಸರುಗಳು ಕೆಲವು ಉಳಿದೇ ಉಳಿಯುತ್ತವೆ. ಹೆಸರು ‘ನಾರಾಯಣಸ್ವಾಮಿ’, ಇನಿಷಿಯಲ್ ಇಲ್ಲ, ಬೆನ್ನುಡಿ ಇಲ್ಲ, ಪ್ರಕಾಶಕರು ಲೇಖಕರೇ, ಅಂಥ ಪುಸ್ತಕ ಎಲ್ಲ ಗ್ರಂಥಾಲಯಗಳಲ್ಲೂ ಒಂದಾದರೂ ಇರುತ್ತದೆ. ಎಎಸಿಆರ್ 2ರ ಕಾಲದಲ್ಲಿ ಇಂಥವರನ್ನೆಲ್ಲ ಒಂದೇ ದಾಖಲೆಯಲ್ಲಿ ಕೂಡಿಡುವುದಕ್ಕೆ ಅವಕಾಶವಿತ್ತು. ನಾನು ಹಾಗೆ ಮಾಡದೆ ಪ್ರತಿ ಪುಸ್ತಕಕ್ಕೂ ಪ್ರತ್ಯೇಕ ದಾಖಲೆ ಮಾಡಿ, ‘ನಾರಾಯಣಸ್ವಾಮಿ (ಇಂಥ ಕೃತಿಯ ಕರ್ತೃ)’ ಎಂದು ಬರೆದು, ಏನೇನು ನೋಡಿದೆ, ಯಾವುದು ಸಿಗಲಿಲ್ಲ ಎಂಬುದನ್ನು 670ರಲ್ಲಿ ನಮೂದಿಸಿ ಇಡುತ್ತೇನೆ. ಕೆಲವು ವರ್ಷಗಳ ಬಳಿಕ ಅದೇ ಲೇಖಕರ ಇನ್ನೊಂದು ಪುಸ್ತಕ ಅರ್ಪಣೆಯ ಪುಟದ ಸಮೇತ ಬಂದಾಗ, ಶೀರ್ಷಿಕೆಯನ್ನು ತಿದ್ದಿ ಎರಡು ದಾಖಲೆಗಳನ್ನು ಕೂಡಿಸಿದರೆ ಕೆಲಸ ಮುಗಿಯುತ್ತದೆ.