ಜಪಾನಿಗೆ ಕೆಲಸಕ್ಕೆ ಹೊರಟವರಿಗೆ: ನನ್ನ ಅನುಭವ

ಜಪಾನಿನಲ್ಲಿ ಕೆಲಸ ಸಿಕ್ಕಿತು ಎಂದು ಊರಿನ ಕಡೆಯ ಯಾರಾದರೂ ಕರೆ ಮಾಡಿದರೆ ಮೊದಲು ಸಂಬಳದ ಮಾತು ಬರುತ್ತದೆ, ಆಮೇಲೆ ಊಟದ್ದು. ನಾನು ಮಾತ್ರ ಬೇರೆಯದನ್ನೇ ಕೇಳುತ್ತೇನೆ: ನಿಮ್ಮನ್ನು ಬೆಂಗಳೂರಿನ ಕಂಪನಿ ಕಳುಹಿಸುತ್ತಿದೆಯೋ, ಜಪಾನಿನ ಕಂಪನಿಯೇ ನೇಮಿಸಿಕೊಂಡಿದೆಯೋ? ಎಷ್ಟೋ ಮಂದಿಗೆ ಈ ವ್ಯತ್ಯಾಸದ ಅರಿವೇ ಇರುವುದಿಲ್ಲ. ಕೈಗೆ ಎಷ್ಟು ಹಣ ಬರುತ್ತದೆ, ಭವಿಷ್ಯನಿಧಿ ಎಲ್ಲಿ ಬೆಳೆಯುತ್ತದೆ, ಕೆಲಸ ಬಿಟ್ಟರೆ ಗತಿ ಏನು ಎಂಬುದೆಲ್ಲ ಇದರ ಮೇಲೇ ನಿಂತಿದೆ.

ಭಾರತ ಮತ್ತು ಜಪಾನ್ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಭಾರತದ ಕಂಪನಿ ಐದು ವರ್ಷದೊಳಗಿನ ಅವಧಿಗೆ ಕಳುಹಿಸಿದ್ದರೆ, ಭಾರತದಲ್ಲೇ ವಂತಿಗೆ ಕಟ್ಟುತ್ತಿದ್ದೀರಿ ಎಂದು ತೋರಿಸುವ ವ್ಯಾಪ್ತಿ ಪ್ರಮಾಣಪತ್ರವನ್ನು ಭವಿಷ್ಯನಿಧಿ ಸಂಸ್ಥೆಯಿಂದ ಪಡೆದು ಜಪಾನಿನ ಪಿಂಚಣಿ ವಂತಿಗೆಯಿಂದ ಹೊರಗುಳಿಯಬಹುದು. ನೇರ ನೇಮಕವಾದರೆ ಆ ದಾರಿ ಇಲ್ಲ. ಪಿಂಚಣಿ ವಂತಿಗೆ ಸಂಬಳದ ಶೇ 18.3, ಅದರಲ್ಲಿ ಅರ್ಧ ಕಂಪನಿಯದು, ಅರ್ಧ ನಿಮ್ಮದು. ಆರೋಗ್ಯ ವಿಮೆಗೆ ನಿಮ್ಮ ಪಾಲಾಗಿ ಸುಮಾರು ಶೇ 5 ಹೋಗುತ್ತದೆ. ಆ ವಿಮೆಯ ಬಗ್ಗೆ ನನಗೆ ಕೃತಜ್ಞತೆಯಿದೆ. ಆಸ್ಪತ್ರೆಯ ಬಿಲ್ಲಿನಲ್ಲಿ ನಾವು ಕೊಡುವುದು ಶೇ 30 ಮಾತ್ರ, ಅದೂ ಯಾವ ವಿಮಾ ಏಜೆಂಟನನ್ನೂ ಬೇಡಿಕೊಳ್ಳದೆ.

ನಾನು ನೇರವಾಗಿ ನೇಮಕಗೊಂಡವಳು. ಕಾರುಗಳ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕಗಳಿಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಇಂಥ ಕೆಲಸಕ್ಕೆ ಸಿಗುವ ವಾಸ್ತವ್ಯ ಪರವಾನಗಿಗೆ ಸಂಬಂಧಪಟ್ಟ ವಿಷಯದಲ್ಲಿ ಪದವಿ ಬೇಕು, ಇಲ್ಲವೇ ಹತ್ತು ವರ್ಷದ ಅನುಭವ ಬೇಕು. ವಿಶ್ವವಿದ್ಯಾಲಯದ ಪದವಿ ಪ್ರಮಾಣಪತ್ರ ಇನ್ನೂ ಕೈಗೆ ಬಂದಿಲ್ಲದವರು ಕೆಲಸ ಹುಡುಕುವ ಮೊದಲೇ ಅದಕ್ಕಾಗಿ ಓಡಾಡಿ. ವೀಸಾಕ್ಕೆ ಮೊದಲು ಬೇಕಾಗುವ ವಾಸ್ತವ್ಯ ಅರ್ಹತಾ ಪ್ರಮಾಣಪತ್ರಕ್ಕೆ ಜಪಾನಿನ ವಲಸೆ ಕಚೇರಿಯಲ್ಲಿ ಕಂಪನಿಯೇ ಅರ್ಜಿ ಹಾಕುತ್ತದೆ. ಅದಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಅದನ್ನು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಜಪಾನ್ ಪ್ರವೇಶಿಸಬೇಕು. ಆದ್ದರಿಂದ ಆ ಪತ್ರ ಕೈಸೇರುವವರೆಗೆ ಊರಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ವೀಸಾಕ್ಕೆ ಮಾತ್ರ ಹೆಚ್ಚು ಅಲೆದಾಟವಿಲ್ಲ. ಬೆಂಗಳೂರಿನಲ್ಲೇ ಜಪಾನಿನ ಕಾನ್ಸುಲೇಟ್ ಇದೆ.

ಈಗ ಹೆಸರಿನ ವಿಷಯ. ಕನ್ನಡಿಗರಾದ ನಮಗೆ ಇದು ಬಹಳ ಮುಖ್ಯ, ಆದರೆ ಯಾರೂ ಮೊದಲೇ ಹೇಳುವುದಿಲ್ಲ. ನಮ್ಮಲ್ಲಿ ಅರ್ಧಕ್ಕರ್ಧ ಜನರಿಗೆ ಮನೆತನದ ಹೆಸರಿಲ್ಲ. ಊರಿನದೊಂದು, ತಂದೆಯದೊಂದು ಇನಿಶಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅವು ಒಮ್ಮೆ ಬಿಡಿಸಿಕೊಂಡಿರುತ್ತವೆ, ಒಮ್ಮೆ ಎಲ್ಲವೂ ಒಂದೇ ಕಡೆ ಸೇರಿ ಉಪನಾಮದ ಜಾಗ ಖಾಲಿ ಉಳಿದಿರುತ್ತದೆ. ಜಪಾನಿನ ಎಷ್ಟೋ ಅರ್ಜಿಗಳಲ್ಲಿ ಉಪನಾಮದ ಚೌಕ ಖಾಲಿ ಬಿಡುವ ಹಾಗಿಲ್ಲ. ಇದರ ಮೇಲೆ ಹೆಸರನ್ನು ವಿದೇಶಿ ಹೆಸರುಗಳಿಗೆ ಬಳಸುವ ಕತಕಾನಾ ಲಿಪಿಯಲ್ಲಿ ಬರೆಯಬೇಕು. ಆ ಲಿಪಿಯಲ್ಲಿ ಲಕಾರಕ್ಕೆ ಬೇರೆ ಅಕ್ಷರವಿಲ್ಲ, ಒತ್ತಕ್ಷರವೂ ಇಲ್ಲ. ಲಕ್ಷ್ಮಿ ಎಂಬ ಹೆಸರು ರಕುಶುಮಿ ಎಂದಾಗುತ್ತದೆ. ಕೊನೆಯ ಸ್ವರವನ್ನು ಉದ್ದ ಮಾಡಿ ರಕುಶುಮೀ ಎಂದೂ ಬರೆಯಬಹುದು. ಎರಡೂ ಸರಿಯೇ, ಆದರೆ ಬ್ಯಾಂಕಿನಲ್ಲಿ ಒಂದು, ಸಂಬಳದ ಕಡತದಲ್ಲಿ ಇನ್ನೊಂದು ಇದ್ದರೆ ಹಣ ಜಮೆಯಾಗದೆ ವಾಪಸು ಹೋಗುತ್ತದೆ. ನಾನು ಹೊರಡುವ ಮೊದಲೇ ನನ್ನ ಹೆಸರಿನ ಕತಕಾನಾ ರೂಪವನ್ನು ಜಪಾನಿ ಕಲಿಸುತ್ತಿದ್ದ ಮೇಡಂ ಅವರಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡೆ. ಪುರಸಭೆ, ಬ್ಯಾಂಕು, ಮೊಬೈಲ್ ಅಂಗಡಿ, ಹೋದಲ್ಲೆಲ್ಲ ಆ ಚೀಟಿಯನ್ನೇ ಮುಂದಿಟ್ಟು ಅಕ್ಷರಕ್ಕೆ ಅಕ್ಷರ ನಕಲು ಮಾಡಿದೆ. ಪಾಸ್‌ಪೋರ್ಟಿನಲ್ಲಿ ಹೆಸರಿನ ವಿಂಗಡಣೆ ಸರಿಯಿಲ್ಲದಿದ್ದರೆ ಊರಿನಲ್ಲೇ ತಿದ್ದಿಸಿಕೊಂಡು ಹೊರಡಿ. ಜಪಾನಿನಲ್ಲಿ ವಿದೇಶಿಯರ ಗುರುತಿನ ಚೀಟಿಯಾದ ವಾಸ್ತವ್ಯ ಕಾರ್ಡು ಮುದ್ರಣವಾದ ಮೇಲೆ ಅದು ದೊಡ್ಡ ರಾಮಾಯಣವಾಗುತ್ತದೆ.

ಆ ಕಾರ್ಡನ್ನು ನರಿತಾ, ಹಾನೆದಾದಂಥ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಇಳಿದ ಕೂಡಲೇ ಕೊಡುತ್ತಾರೆ. ವಾಸದ ಜಾಗ ಗೊತ್ತಾದ 14 ದಿನಗಳೊಳಗೆ ಸ್ಥಳೀಯ ಪುರಸಭೆಗೆ ಹೋಗಿ ವಿಳಾಸ ನೋಂದಾಯಿಸಬೇಕು. ಮುಂದಿನದೆಲ್ಲ ಆ ವಿಳಾಸದಿಂದಲೇ ಹುಟ್ಟುತ್ತದೆ. ಬ್ಯಾಂಕು ಮೊಬೈಲ್ ಸಂಖ್ಯೆ ಕೇಳುತ್ತದೆ, ಮೊಬೈಲಿನವರು ಬ್ಯಾಂಕ್ ಖಾತೆ ಕೇಳುತ್ತಾರೆ, ಇಬ್ಬರೂ ವಿಳಾಸ ಕೇಳುತ್ತಾರೆ. ಬಂದು ಆರು ತಿಂಗಳಾಗದವರಿಗೆ ಖಾತೆ ಕೊಡಲು ಹಿಂಜರಿಯುವ ಬ್ಯಾಂಕುಗಳೂ ಇವೆ. ಅಲ್ಲಿ ಉದ್ಯೋಗ ಪತ್ರ ತೋರಿಸಿದರೆ ಮಾತು ಮುಂದುವರಿಯುತ್ತದೆ. ಮೊದಲ ತಿಂಗಳ ಸಂಬಳ ಯಾವ ಬ್ಯಾಂಕಿಗೆ ಹಾಕುತ್ತೀರಿ, ಖಾತೆ ತೆರೆಸಲು ನಿಮ್ಮವರು ಯಾರಾದರೂ ಜೊತೆಗೆ ಬರುತ್ತಾರೆಯೇ ಎಂದು ಕಂಪನಿಯನ್ನು ಕೇಳಲು ಸಂಕೋಚ ಬೇಡ.

ಎಲ್ಲಕ್ಕಿಂತ ಕಷ್ಟವಾಗಿದ್ದು ಬಾಡಿಗೆ ಮನೆ. ನಾನು ಹೋದ ಒಂದು ಏಜೆನ್ಸಿಯಲ್ಲಿ ಚುರುಕಾದ ಯುವಕನೊಬ್ಬ ನನಗೆ ಒಪ್ಪಿಗೆಯಾದ ಮನೆಗಳ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದಾಗಿ ಮಾಲೀಕರ ಕಡೆಯವರಿಗೆ ಫೋನ್ ಮಾಡಿದ. ಪ್ರತಿ ಸಲವೂ ಮೊದಲ ವಾಕ್ಯ ಒಂದೇ: ಬಾಡಿಗೆಗೆ ಬಂದಿರುವವರು ವಿದೇಶಿಯರು, ಆದರೆ ಜಪಾನಿ ಮಾತನಾಡುತ್ತಾರೆ. ಆ ಕಡೆಯಿಂದ ಉತ್ತರ ಬಂದ ಮೇಲೆ ಫೋನಿಗೇ ತಲೆಬಾಗಿ ವಂದಿಸಿ, ಆ ಹಾಳೆಯನ್ನು ಮಗುಚಿಡುತ್ತಿದ್ದ. ಅವನ ಮುಖದಲ್ಲಿ ನಿಜವಾದ ಬೇಸರವಿತ್ತು. ನನಗೆ ಸಿಟ್ಟೂ ಬಂತು, ಅವಮಾನವೂ ಆಯಿತು. ಇದನ್ನು ಮುಚ್ಚಿಟ್ಟು ಜಪಾನಿನ ಸೌಜನ್ಯವನ್ನಷ್ಟೇ ಹೊಗಳುವುದು ಹೊಸಬರಿಗೆ ಮಾಡುವ ಅನ್ಯಾಯ ಎಂದು ನಾನು ನಂಬಿದ್ದೇನೆ.

ಮನೆ ಒಪ್ಪಿದರೂ ಖರ್ಚು ಒಮ್ಮೆಲೇ ಬೀಳುತ್ತದೆ. ಠೇವಣಿ ಇದೆ. ಅದಲ್ಲದೆ ಮಾಲೀಕರಿಗೆ ಕೊಡುವ, ಮರಳಿ ಬಾರದ ಕಾಣಿಕೆಯ ಹಣ ಇದೆ. ಏಜೆನ್ಸಿಯ ಶುಲ್ಕ, ಬಾಡಿಗೆಗೆ ಹೊಣೆ ನಿಲ್ಲುವ ಜಾಮೀನು ಕಂಪನಿಯ ಶುಲ್ಕ, ಬೆಂಕಿ ವಿಮೆ, ಮುಂಗಡ ಬಾಡಿಗೆ ಎಲ್ಲ ಸೇರಿ ನಾಲ್ಕೈದು ತಿಂಗಳ ಬಾಡಿಗೆಯಷ್ಟು ಹಣ ಸಂಬಳ ಬರುವ ಮೊದಲೇ ಕೈಯಲ್ಲಿರಬೇಕು. ನಾನು ಕೊನೆಗೆ ಹಿಡಿದ ದಾರಿ ಯುಆರ್ ಎಂಬ ಸರ್ಕಾರಿ ಸಂಸ್ಥೆಯ ವಸತಿ ಸಮುಚ್ಚಯ. ಅಲ್ಲಿ ಕಾಣಿಕೆ ಹಣವಿಲ್ಲ, ದಲ್ಲಾಳಿ ಶುಲ್ಕವಿಲ್ಲ, ಜಾಮೀನುದಾರ ಬೇಡ, ಎರಡು ವರ್ಷಕ್ಕೊಮ್ಮೆ ನವೀಕರಣದ ಹಣವೂ ಇಲ್ಲ. ಆದಾಯದ ಷರತ್ತು ಪೂರೈಸಿ ಎರಡು ತಿಂಗಳ ಠೇವಣಿ ಕಟ್ಟಿದರಾಯಿತು; ದೀರ್ಘಾವಧಿ ವಾಸ್ತವ್ಯ ಪರವಾನಗಿ ಇರುವ ವಿದೇಶಿಯರಿಗೂ ಸ್ವದೇಶಿಯರಿಗೂ ಒಂದೇ ನಿಯಮ. ಟೋಕಿಯೊದ ಎದೊಗಾವಾ ವಾರ್ಡಿನ ನಿಶಿಕಸಾಯ್ ಸುತ್ತಮುತ್ತ ಇಷ್ಟು ಭಾರತೀಯರು ನೆಲೆಸಿರುವುದಕ್ಕೆ ಇಂಥ ಸಮುಚ್ಚಯಗಳೂ ಒಂದು ಕಾರಣ. 2000ದ ಹೊತ್ತಿಗೆ ಕಂಪ್ಯೂಟರುಗಳ ಇಸವಿ ಸಮಸ್ಯೆ (ವೈ2ಕೆ) ಸರಿಪಡಿಸಲು ಬಂದ ಎಂಜಿನಿಯರುಗಳು ಅಲ್ಲಿ ನೆಲೆ ನಿಂತರು. ತೊಜಾಯ್ ರೈಲು ಮಾರ್ಗದಲ್ಲಿ ಒತೆಮಾಚಿಯ ಕಚೇರಿಗಳಿಗೆ ನೇರವಾಗಿ ಹೋಗಬಹುದು. ಬೆಳಿಗ್ಗೆಯ ನೂಕುನುಗ್ಗಲು ಮಾತ್ರ ನಿಜಕ್ಕೂ ಉಸಿರುಗಟ್ಟಿಸುತ್ತದೆ.

ಕೀಲಿ ಕೈಗೆ ಬಂದ ದಿನವೇ ಮನೆಗೆ ಹೋಗಿ ಮಲಗುತ್ತೇನೆ ಎಂದುಕೊಳ್ಳಬೇಡಿ. ಎಷ್ಟೋ ಮನೆಗಳಲ್ಲಿ ಚಾವಣಿಯಲ್ಲಿ ದೀಪ ಸಿಕ್ಕಿಸುವ ಬಿಲ್ಲೆ ಇರುತ್ತದೆ, ದೀಪ ಇರುವುದಿಲ್ಲ. ಪರದೆ ಇಲ್ಲ, ಗ್ಯಾಸ್ ಒಲೆ ಇಲ್ಲ. ಗ್ಯಾಸ್ ಕಂಪನಿಯವರು ಬಂದು ನಿಮ್ಮೆದುರಿಗೇ ಪರೀಕ್ಷಿಸಿ ಸಂಪರ್ಕ ಕೊಡಬೇಕು, ಅದಕ್ಕೆ ಮೊದಲೇ ದಿನ ಗೊತ್ತುಮಾಡಬೇಕು. ಅಲ್ಲಿಯವರೆಗೆ ಸ್ನಾನಕ್ಕೆ ಬಿಸಿನೀರೂ ಇಲ್ಲ. ಚಳಿಗಾಲದಲ್ಲಿ ಬರುವವರು ಇದನ್ನು ಮರೆಯಬಾರದು.

ಊಟದ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಅಡುಗೆ ಬಾರದ ಸಸ್ಯಾಹಾರಿಗಳು ಹೊರಡುವ ಮೊದಲು ಕಲಿತುಕೊಳ್ಳಲಿ. ತರಕಾರಿಯಷ್ಟೇ ಕಾಣುವ ಸೂಪು, ನೂಡಲ್ಸ್, ಬೇಯಿಸಿದ ಕುಂಬಳಕಾಯಿ, ಇವುಗಳ ಬುಡದಲ್ಲಿ ಒಣಗಿಸಿದ ಕತ್ಸುಒ ಮೀನಿನ ಸಾರು ಇರುವುದೇ ಹೆಚ್ಚು. ಪೊಟ್ಟಣದ ಮೇಲಿನ ಅಲರ್ಜಿ ಪಟ್ಟಿಯನ್ನು ನೋಡಿ ನಿಶ್ಚಿಂತರಾಗುವಂತಿಲ್ಲ, ಆ ಪಟ್ಟಿಯಲ್ಲಿ ಕತ್ಸುಒ ಬರುವುದಿಲ್ಲ. ಘಟಕಗಳ ಸಣ್ಣ ಅಕ್ಷರಗಳನ್ನೇ ಓದಬೇಕು. ಮಾಂಸ, ಹಂದಿ, ಮೀನು, ಜೆಲಟಿನ್, ಕತ್ಸುಒ ಎಂಬ ಐದಾರು ಪದಗಳ ರೂಪ ಕಣ್ಣಿಗೆ ಕಟ್ಟಿದರೆ ಅಂಗಡಿಯಲ್ಲಿ ಅರ್ಧ ತೊಂದರೆ ಕಳೆಯುತ್ತದೆ. ಅಕ್ಕಿ, ತೊಗರಿಬೇಳೆ, ಕರಿಬೇವು ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಸಾರಿನ ಪುಡಿ ಮಾತ್ರ ಅಮ್ಮ ಮಾಡಿದ್ದೇ ಆಗಬೇಕು.

ಭಾಷೆ ಕಲಿಯಲು ಹೆದರಬೇಡಿ, ಕನ್ನಡಿಗರಿಗೆ ಇದು ಒಗ್ಗುವ ಭಾಷೆ. ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ನಾಮಪದದ ಬೆನ್ನಿಗೆ ಬರುತ್ತದೆ. 'ನಾನು ನಾಳೆ ರೈಲಿನಲ್ಲಿ ಕಚೇರಿಗೆ ಹೋಗುತ್ತೇನೆ' ಎಂಬ ವಾಕ್ಯದ ಪದಗಳನ್ನು ಇದ್ದ ಜಾಗದಲ್ಲೇ ಬದಲಿಸುತ್ತಾ ಹೋದರೆ ಜಪಾನಿ ವಾಕ್ಯ ಸಿದ್ಧ. ನಾನು ಇಂಗ್ಲಿಷನ್ನು ಬದಿಗಿಟ್ಟು ಕನ್ನಡದಲ್ಲಿ ಯೋಚಿಸಿಯೇ ಕಲಿತೆ. ಕಷ್ಟ ಇರುವುದು ಚೀನಾದಿಂದ ಬಂದ ಕಾಂಜಿ ಅಕ್ಷರಗಳಲ್ಲಿ, ಅದಕ್ಕೆ ದಿನವೂ ಬರೆಯುವುದೊಂದೇ ದಾರಿ. ಜಪಾನಿ ಭಾಷಾ ಸಾಮರ್ಥ್ಯದ ಜೆಎಲ್‌ಪಿಟಿ ಪರೀಕ್ಷೆ ಬೆಂಗಳೂರಿನಲ್ಲೂ ನಡೆಯುತ್ತದೆ, ಅದರಲ್ಲಿ ಎನ್1 ಅತಿ ಮೇಲಿನ ಮಟ್ಟ. ಉನ್ನತ ಕೌಶಲದ ವಿದೇಶಿಯರಿಗಾಗಿ ವಲಸೆ ಇಲಾಖೆ ಇಟ್ಟಿರುವ ಅಂಕ ಪದ್ಧತಿಯಲ್ಲಿ ಎನ್2 ಮಟ್ಟಕ್ಕೆ 10 ಅಂಕ, ಎನ್1ಕ್ಕೆ 15 ಅಂಕ ಇದೆ. ವಿದ್ಯೆ, ಸಂಬಳ, ವಯಸ್ಸಿನ ಅಂಕಗಳೂ ಸೇರಿ 70 ಮುಟ್ಟಿದರೆ ಮೂರು ವರ್ಷಕ್ಕೆ, 80 ಮುಟ್ಟಿದರೆ ಒಂದೇ ವರ್ಷಕ್ಕೆ ಕಾಯಂ ವಾಸ್ತವ್ಯಕ್ಕೆ ಅರ್ಜಿ ಹಾಕಬಹುದು. ಸಾಮಾನ್ಯ ದಾರಿಯಲ್ಲಿ ಹತ್ತು ವರ್ಷ ಕಾಯಬೇಕು.

ಎರಡನೆಯ ವರ್ಷ ಸಂಬಳ ಇಳಿದಂತೆ ಕಾಣುತ್ತದೆ. ಸ್ಥಳೀಯ ನಿವಾಸಿ ತೆರಿಗೆ ಹಿಂದಿನ ವರ್ಷದ ಆದಾಯದ ಮೇಲೆ ಸುಮಾರು ಶೇ 10 ಬೀಳುತ್ತದೆ, ಜೂನ್‌ನಿಂದ ಕಡಿತ ಶುರುವಾಗುತ್ತದೆ. ಜಪಾನಿನಲ್ಲಿ ಹಿಂದಿನ ವರ್ಷದ ಆದಾಯ ಇಲ್ಲದ ಕಾರಣ ಮೊದಲು ಅದು ಬರುವುದಿಲ್ಲ. ಊರಿಗೆ ತಿಂಗಳಿಗೆ ಇಷ್ಟು ಕಳುಹಿಸುತ್ತೇನೆ ಎಂದು ಮಾತು ಕೊಡುವವರು ಈ ತೆರಿಗೆಯನ್ನು ಕಳೆದೇ ಲೆಕ್ಕ ಹಾಕಿ. ಸಾಲದ ಕಂತು ಇರುವವರಂತೂ ಖಂಡಿತ.

ಇನ್ನು ತಂದೆತಾಯಿ. ಗಂಡ, ಹೆಂಡತಿ, ಮಕ್ಕಳಿಗೆ ಅವಲಂಬಿತರ ವೀಸಾ ಇದೆ. ಅನುಮತಿ ಪಡೆದರೆ ಸಂಗಾತಿ ವಾರಕ್ಕೆ 28 ಗಂಟೆಯವರೆಗೆ ದುಡಿಯಬಹುದು. ಅಪ್ಪ ಅಮ್ಮನಿಗೆ ಆ ವೀಸಾ ಇಲ್ಲ. ಒಬ್ಬರೇ ಮಕ್ಕಳಾದವರು ಇದನ್ನು ಕೆಲಸ ಒಪ್ಪುವ ಮೊದಲೇ ಮನೆಯವರೊಂದಿಗೆ ಕುಳಿತು ಬಿಚ್ಚಿ ಮಾತನಾಡಬೇಕು. ನಾನು ಹಾಗೆ ಮಾತನಾಡಿಯೇ ಬಂದೆ, ಆದರೂ ಹಬ್ಬದ ದಿನ ಮನಸ್ಸು ಕೇಳುವುದಿಲ್ಲ. ಅವರು ಅಲ್ಪಾವಧಿ ವೀಸಾದಲ್ಲಿ ಹೆಚ್ಚೆಂದರೆ 90 ದಿನ ಬಂದು ಇರಬಹುದು. ಅದಕ್ಕೆ ನಮ್ಮ ಆಹ್ವಾನ ಪತ್ರ, ಖಾತರಿ ಪತ್ರ, ಪುರಸಭೆಯ ವಾಸ ದೃಢೀಕರಣ, ತೆರಿಗೆ ಪ್ರಮಾಣಪತ್ರ ಬೇಕು. ಇಲ್ಲಿನ ಆರೋಗ್ಯ ವಿಮೆ ಅವರಿಗೆ ಅನ್ವಯಿಸದು. ಆದ್ದರಿಂದ ಹಳೆಯ ಕಾಯಿಲೆಗಳನ್ನೂ ಒಳಗೊಳ್ಳುವ ಪ್ರವಾಸ ವಿಮೆಯನ್ನು ಊರಿನಲ್ಲೇ ಮಾಡಿಸಿ, ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ತರಿಸಿಕೊಳ್ಳಿ. ಬೆಂಗಳೂರಿನಿಂದ ನರಿತಾಕ್ಕೆ ನೇರ ವಿಮಾನವಿದೆ. ವಯಸ್ಸಾದವರಿಗೆ ನಡುವೆ ವಿಮಾನ ಬದಲಿಸುವ ಗೊಂದಲ ಬೇಡವಾದ್ದರಿಂದ ಟಿಕೆಟಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ. ಕರೆಸುವುದಾದರೆ ಏಪ್ರಿಲ್‌ನಲ್ಲಿ, ಇಲ್ಲವೇ ಅಕ್ಟೋಬರ್ ಕೊನೆಯಲ್ಲಿ ಕರೆಸಿ. ಆಗಸ್ಟಿನ ಟೋಕಿಯೊದ ಸೆಕೆ ಹಿರಿಯರಿಗೆ ತಡೆಯುವಂಥದ್ದಲ್ಲ.